ರೋಣಗಲ್ಲು ನೇರ ಉರುಳುವುದಿಲ್ಲ

ಚೌಕಾಸಿ ಮಾಡುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬೆಲೆ ಕೇಳುವ ಮುಂಚೆ ವಸ್ತು ಯಾರದ್ದು ಎಂದು ಕೇಳಿ. ಮೂವತ್ತು ವರ್ಷದಿಂದ ಕಂಡಕಂಡವರಿಗೆಲ್ಲ ಈ ಬುದ್ಧಿ ಹೇಳುತ್ತ ಬಂದವನು ನಾನು. ಹೋದ ಸಂಕ್ರಾಂತಿಯ ಹೊತ್ತಿಗೆ ನಾನೇ ಮರೆತೆ.

ನನ್ನದು ಕೋಗಿಲಿನಲ್ಲಿ ಹಳೆ ಮನೆ ಸಾಮಾನಿನ ವ್ಯಾಪಾರ. ಯಲಹಂಕದ ಸುತ್ತಮುತ್ತ ಎಲ್ಲೇ ಹಳೆ ಮನೆ ಕೆಡವಲಿ, ಜೆಸಿಬಿಗಿಂತ ಒಂದು ದಿನ ಮುಂಚೆ ನಾನು ಅಲ್ಲಿರುತ್ತೇನೆ. ಬಾಗಿಲು, ಕಂಬ, ತೊಲೆ, ಒರಳು, ಬೀಸುವ ಕಲ್ಲು, ಎಲ್ಲ ತರುತ್ತೇನೆ. ಅವನ್ನೇ ಒರೆಸಿ ನಿಲ್ಲಿಸಿದರೆ ಕಾಫಿ ಅಂಗಡಿಯವರು, ರೆಸಾರ್ಟಿನವರು ಬಂದು ಒಯ್ಯುತ್ತಾರೆ. ಒಂದು ಸಲಹೆ: ಹಳೆ ಬಾಗಿಲನ್ನು ಮಾರುವಾಗ ಪೂರ್ತಿ ಒರೆಸಬೇಡಿ. ಒಂದು ಮೂಲೆಯಲ್ಲಿ ಅರಿಶಿನದ ಕಲೆ ಇರಲಿ.

ಅಂಗಡಿಗೆ ಒಂದು ಬೆಳಿಗ್ಗೆ ಇಬ್ಬರು ಬಂದರು. ಒಬ್ಬರು ನನಗೆ ಪ್ರೈಮರಿಯಲ್ಲಿ ಕಲಿಸಿದ ಮೇಷ್ಟ್ರು, ಈಗ ನಿವೃತ್ತರು, ಕವಿ. ಇನ್ನೊಬ್ಬರು ಕೆಂಪಾಪುರದ ಕಡೆ ಒಂದು ಕಾಲೇಜಿನಲ್ಲಿ ನಾಟಕ ಕಲಿಸುವ ಧಾರವಾಡದ ಹೆಣ್ಣುಮಗಳು. ಅವರಿಗೆ ಒಂದು ರೋಣಗಲ್ಲು ಬಾಡಿಗೆಗೆ ಬೇಕಿತ್ತು. ಕಣದಲ್ಲಿ ರಾಗಿ ತೆನೆಯ ಮೇಲೆ ಎತ್ತು ಕಟ್ಟಿ ಉರುಳಿಸುವ ಉದ್ದನೆಯ ಗುಂಡುಕಲ್ಲು ಅದು.

"ಕೂಲಿಯವರ ದಂಗೆ ಮೇಲೆ ಕಾರ್ಯಕ್ರಮ ಕಣಯ್ಯಾ. ನಮ್ಮೂರಲ್ಲೇ ಆಗಿದ್ದು. ನಾನು ಕಾವ್ಯ ಬರ್ದಿದ್ದೀನಿ" ಎಂದರು ಮೇಷ್ಟ್ರು. "ನಾನೂರು ಸಾಲು."

"ಅಷ್ಟೊಂದು ಸಾಲಿಗೆ ಕುರ್ಚಿ ಹಾಕ್ಬೇಕಾಗುತ್ತೆ ಮೇಷ್ಟ್ರೇ. ನೆಲದ ಮೇಲೆ ಕೂತ ಜನ ಅಷ್ಟೊತ್ತು ಕೂರಲ್ಲ."

ನಿರ್ದೇಶಕಿ ಬಾಯಿಗೆ ಸೆರಗು ಅಡ್ಡ ಹಿಡಿದರು. ಮೇಷ್ಟ್ರು ಮಾತ್ರ ಕೇಳಿಸಿಕೊಳ್ಳದವರಂತೆ ದಂಗೆಯ ಕಥೆ ಹೇಳಿದರು.

ಅವರ ತಂದೆಯ ಕಾಲದ ಮಾತು. ಊರಿನ ಜಮೀನ್ದಾರರ ಕಣದಲ್ಲಿ ಹನ್ನೊಂದು ಜನ ಆಳುಗಳು ರಾಗಿ ಒಕ್ಕುತ್ತಿದ್ದರು. ಅವರಲ್ಲಿ ಒಬ್ಬಳು ಬಾಣಂತಿ. ಕೂಸು ಅತ್ತಿತೆಂದು ಹಾಲು ಕೊಡಲು ಕೂತಳು. ಎದ್ದೇಳು ಎಂದರು ಜಮೀನ್ದಾರರು. ಅವಳು ಏಳಲಿಲ್ಲ. ಅವಳ ಪಕ್ಕ ಇನ್ನೊಬ್ಬಳು ಕೂತಳು, ಆಮೇಲೆ ಒಬ್ಬ ಗಂಡಾಳು ಎತ್ತು ಬಿಚ್ಚಿ ಬಂದು ಕೂತ. ಹನ್ನೊಂದು ಜನವೂ ರೋಣಗಲ್ಲಿನ ಸುತ್ತ ಕೂತುಬಿಟ್ಟರು. ಕುಡಿಯುವ ನೀರಿನ ಮಡಕೆ ಒಡೆಸಿದರೂ ಏಳಲಿಲ್ಲ, ಬೈದರೂ ಬಡಿದರೂ ಏಳಲಿಲ್ಲ. ಎರಡನೇ ದಿನ ಅಕಾಲದಲ್ಲಿ ಮಳೆ ಬಂದು, ನಾಲ್ಕನೇ ದಿನಕ್ಕೆ ಒಕ್ಕದ ರಾಗಿ ಕಣದಲ್ಲೇ ಮೊಳೆಯಿತು. ಐದನೇ ದಿನ ಜಮೀನ್ದಾರರು ಸೋತರು. ಅಂದಿನಿಂದ ಆಳುಗಳಿಗೆ ಮಧ್ಯಾಹ್ನ ಕೂರುವ ಹೊತ್ತು ಅಂತ ಒಂದು ಬಂತು.

ದಂಗೆ ಎಂದರೆ ಜನ ಏಳುತ್ತಾರೆ ಅಂದುಕೊಂಡಿದ್ದೆ. ನಮ್ಮೂರಿನವರು ಕೂತಿದ್ದರು.

ಆ ಬಾಣಂತಿ ಇದರ ಮೇಲೆ ಒಂದು ಹಾಡು ಕಟ್ಟಿದ್ದಳು. ಹನ್ನೊಂದು ಜನರ ಹೆಸರೂ ಅದರಲ್ಲಿದೆ, ಏಳು ಸಲ ಜಮೀನ್ದಾರರ ಹೆಸರಿದೆ. ಆ ಹಾಡು ಈಗ ಬರುವುದು ಒಬ್ಬರಿಗೇ. ಅಂದು ಮಡಿಲಲ್ಲಿದ್ದ ಕೂಸಿಗೆ. ಕೂಸಿಗೆ ಈಗ ಎಂಬತ್ತರ ಹತ್ತಿರ. ನಮ್ಮ ಬೀದಿಯ ಕೊನೆ ಮನೆಯ ಅಜ್ಜಿ.

ಅಜ್ಜಿಯ ಆಸೆ ಒಂದೇ. ಅಮ್ಮನ ಹಾಡನ್ನು ಅದೇ ಕಣದಲ್ಲಿ, ಒಂದು ಸಲ, ಪೂರ್ತಿ ಹಾಡಬೇಕು. ಆ ಕಣ ಈಗ ಜಮೀನ್ದಾರರ ಮೊಮ್ಮಗನ ಟಿಪ್ಪರ್ ಲಾರಿ ನಿಲ್ಲಿಸುವ ಜಾಗ. ಯುಗಾದಿ ಕಳೆದ ಮೇಲೆ ಅಲ್ಲಿ ಅಪಾರ್ಟ್‌ಮೆಂಟಿಗೆ ಪಾಯ ತೆಗೆಯುತ್ತಾರೆ. ಪಾಯ ಎಂದರೆ ಎರಡು ಅಂತಸ್ತು ಕೆಳಕ್ಕೆ. ಆಮೇಲೆ ಕಣವೂ ಇಲ್ಲ, ಕಣದ ಮಣ್ಣೂ ಇಲ್ಲ.

"ಕಲ್ಲು ಬಿಡಿ, ಆ ಜಾಗದ ಗೇಟಲ್ಲೇ ಅಸಲಿ ಕಲ್ಲು ಬಿದ್ದಿದೆ" ಎಂದೆ. "ನಿಮಗೆ ಬೇಕಿರೋದು ಜಾಗ. ಅದನ್ನ ನನಗೆ ಬಿಡಿ."

ಮೊಮ್ಮಗ ನನಗೆ ಗೊತ್ತು. ಅವರ ಹಳೆ ಮನೆಯ ಹದಿನಾರು ಕಂಬ ಕೊಂಡವನು ನಾನೇ. ಇನ್ನೊಂದು ಸಲಹೆ: ಒಬ್ಬನ ಹತ್ತಿರ ದೊಡ್ಡದು ಕೇಳಬೇಕಿದ್ದರೆ ಅವನ ಆಫೀಸಿಗೆ ಹೋಗಬೇಡಿ. ಅವನು ಟೈರ್ ನೋಡುತ್ತ ನಿಂತಿರುವಾಗ ಹೋಗಿ. ಹಾಗೆಯೇ ಹೋದೆ, ಜೊತೆಗೆ ಮೇಷ್ಟ್ರು.

ಮೊಮ್ಮಗ ಕೆಟ್ಟವನಲ್ಲ. ಪೂರ್ತಿ ಕೇಳಿದ. "ಜಾಗ ತಗೊಳ್ಳಿ ಗುರು, ಒಂದ್ ಭಾನುವಾರ ತಾನೆ. ಆದ್ರೆ ನಮ್ ತಾತನ ಹೆಸ್ರು ಮಾತ್ರ ಬರಬಾರದು" ಎಂದ. ಬೆರಳು ಮೇಲೆತ್ತಿ ತೋರಿಸಿದ. ಗೇಟಿನ ಮೇಲೆ ಲಾರಿಯಷ್ಟು ಅಗಲದ ಬೋರ್ಡು. ಅಪಾರ್ಟ್‌ಮೆಂಟಿಗೆ ತಾತನ ಹೆಸರನ್ನೇ ಇಟ್ಟಿದ್ದ. ಅಕ್ಷರ ಒಂದೊಂದೂ ನನ್ನ ಎದೆಮಟ್ಟ.

"ಹಾಡಲ್ಲಿ ಏಳು ಸಲ ಬರುತ್ತಲ್ಲಪ್ಪ" ಎಂದರು ಮೇಷ್ಟ್ರು.

ಇಲ್ಲಿ ನನಗೆ ಹುರುಪು ಬಂತು. ಏಳು ಎಂಬುದು ಚೌಕಾಸಿಗೆ ಹೇಳಿ ಮಾಡಿಸಿದ ಸಂಖ್ಯೆ. ನಮ್ಮಪ್ಪ ದನದ ಸಂತೆಯಲ್ಲಿ ದಲ್ಲಾಳಿ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇಲ್ಲ. ಟವೆಲ್ಲು ಹೊದಿಸಿ ಅದರ ಅಡಿ ಒಬ್ಬರ ಕೈ ಒಬ್ಬರು ಹಿಡಿದು ಬೆರಳಿನಲ್ಲೇ ಮಾತಾಡುವುದು. ಸುತ್ತ ನಿಂತವರಿಗೆ ತಿಳಿಯಬಾರದು, ಸೋತವನಿಗೆ ಮುಖಭಂಗ ಆಗಬಾರದು. ನಾನು ಹೆಗಲ ಟವೆಲ್ಲು ತೆಗೆದು ಕೈಗೆ ಹೊದಿಸಿದೆ.

"ಏನ್ ಗುರು, ನಮ್ ತಾತನ್ನ ಎತ್ತು ಮಾಡ್ಬಿಟ್ಟೆ" ಎಂದು ಮೊಮ್ಮಗ ನಕ್ಕ. ಆದರೂ ಕೈ ಒಳಗಿಟ್ಟ.

ಐದು ಬೆರಳು ಹಿಡಿದೆ. ಐದು ಸಲ ಹೇಳಿದರೆ ಸಾಕು ಎಂದು ಅರ್ಥ. ಅವನು ಕೊಡವಿದ. ಮೂರು ಹಿಡಿದೆ. ಕೊಡವಿದ. ನಡುವೆ ಬಾಯಲ್ಲೂ ಒಂದು ಪ್ರಯತ್ನ ಮಾಡಿದೆ, ಹೆಸರಿನ ಹಿಂದೆ 'ಶ್ರೀಯುತ' ಸೇರಿಸೋಣ ಸಾರ್ ಎಂದು. ಹಾಡು ಮುಗ್ಗರಿಸುತ್ತೆ ಎಂದು ಮೇಷ್ಟ್ರೇ ತಳ್ಳಿಹಾಕಿದರು. ಒಂದು ಬೆರಳು ಹಿಡಿದೆ. ಅವನು ನನ್ನ ಕೈಯೊಳಗೆ ಮುಷ್ಟಿ ಕಟ್ಟಿಟ್ಟ. ಮುಷ್ಟಿ ಎಂದರೆ ಸೊನ್ನೆ.

ಸರಿ, ಸೊನ್ನೆಗೆ ಏನೇನು ಸಿಗುತ್ತದೆ ನೋಡೋಣ ಎಂದು ಬೇರೆ ದಾರಿ ಹಿಡಿದೆ. ನಾಲ್ಕು ಟಿಪ್ಪರನ್ನೂ ಹಿಂದಿನ ದಿನವೇ ಆಚೆ ನಿಲ್ಲಿಸಬೇಕು, ಒಪ್ಪಿದ. ಕಲ್ಲನ್ನು ಗೇಟಿನಿಂದ ನಡುವಿಗೆ ತರಬೇಕು, ಒಪ್ಪಿದ. ಬೋರ್‌ವೆಲ್ ಶೆಡ್ಡಿನಿಂದ ಕರೆಂಟು, ವಾಚ್‌ಮನ್ ಮನೆಯ ಬಾತ್‌ರೂಮು ಹೆಂಗಸರಿಗೆ, ಎರಡಕ್ಕೂ ಒಪ್ಪಿದ. ಬೋರ್‌ವೆಲ್ ಮೋಟಾರು ಒಂದು ಗಂಟೆ ನಿಲ್ಲಿಸಿ, ಸ್ಪೀಕರಿನಲ್ಲಿ ಗುಂಯ್ ಅನ್ನುತ್ತೆ ಎಂದೆ. ಅದಕ್ಕೆ ಮಾತ್ರ ಒಪ್ಪಲಿಲ್ಲ. ನೀರಿನ ಟ್ಯಾಂಕರಿನವರು ಕಾಯುತ್ತಾರಂತೆ.

"ಕೊನೇಲಿ ಏನ್ ಮಾತು ಅಂದ್ರೆ, ನಿಮ್ ಕಡೆಯೋರ್ ಯಾರ್ ಬಾಯಲ್ಲೂ ತಾತನ ಹೆಸ್ರು ಬರಲ್ಲ. ಬಂದ್ರೆ ಅಲ್ಲಿಗೆ ಕರೆಂಟ್ ಕಟ್."

"ನಮ್ಮ ಕಡೆಯೋರ್ ಯಾರ್ ಬಾಯಲ್ಲೂ ಬರಲ್ಲ ಸಾರ್" ಎಂದು ಕೈ ಅದುಮಿದೆ.

ಒಂದೇ ಒಂದು ಪದಕ್ಕೆ ಇಷ್ಟು ಸಾಮಾನು. ಮೂವತ್ತು ವರ್ಷದಲ್ಲಿ ಇಂಥ ವ್ಯಾಪಾರ ಮಾಡಿರಲಿಲ್ಲ. ಬೇಕರಿಯಿಂದ ಖಾರಾ ಬನ್ನು ಕಟ್ಟಿಸಿಕೊಂಡು ಅಜ್ಜಿಯ ಮನೆಗೆ ಹೋದೆವು. ನಿರ್ದೇಶಕಿ ಅಲ್ಲೇ ಕೂತು ಹಾಡು ಬರೆದುಕೊಳ್ಳುತ್ತಿದ್ದರು. ನಾನು ಒಂದೊಂದಾಗಿ ಗೆದ್ದದ್ದನ್ನು ಹೇಳಿದೆ, ಬಾತ್‌ರೂಮಿನವರೆಗೆ. ಕೊನೆಯಲ್ಲಿ ಕೊಟ್ಟದ್ದನ್ನೂ ಹೇಳಿದೆ.

ಅಜ್ಜಿ ಬನ್ನು ಮುರಿಯುತ್ತಿದ್ದವರು ನಿಲ್ಲಿಸಿದರು. "ಅದ್ ಯಾರ್ದು?"

"ಯಾವುದಜ್ಜಿ?"

"ಆ ಎಸ್ರು. ಆ ಆಡು. ನಿಮ್ಮಪ್ಪಂದಾ?"

ನಾನು ಬನ್ನಿನ ಕಾಗದ ಮಡಿಸತೊಡಗಿದೆ.

"ನಮ್ಮವ್ವ ಏಳ್ ಸತಿ ಇಟ್ಟವ್ಳೆ. ಬಡಿಸ್ಕೊಂಡು ಇಟ್ಟವ್ಳೆ. ನೀನು ಬಚ್ಚಲಮನೆಗೆ ಮಾರ್ಬುಟ್ಟು ಬಂದಿದ್ದೀಯ."

ಮೇಷ್ಟ್ರು ನಡುವೆ ಬಂದು, ಹೆಸರಿನ ಬದಲು 'ದರ್ಪದ ಮೂರ್ತಿ' ಎಂದು ಹಾಕಬಹುದು, ತಮ್ಮ ಕಾವ್ಯದಲ್ಲಿ ಇಂಥವು ಬೇಕಾದಷ್ಟಿವೆ ಎಂದರು.

"ನಮ್ಮವ್ವನ ಬಡ್ದಿದ್ದು ಮೂರ್ತಿಯಲ್ಲ ಮೇಷ್ಟ್ರೇ, ಮನುಷ್ಯ" ಎಂದರು ಅಜ್ಜಿ. ಬನ್ನನ್ನು ತಟ್ಟೆಗಿಟ್ಟು ನನ್ನ ಕಡೆ ತಳ್ಳಿದರು.

ಮಾರನೇ ದಿನ ಮೊಮ್ಮಗನ ಹತ್ತಿರ ಮತ್ತೆ ಹೋದೆ. ಕರೆಂಟು ಬೇಡ, ಬಾತ್‌ರೂಮು ಬೇಡ, ಒಂದೇ ಒಂದು ಸಲ ಹೆಸರು ಹೇಳಲು ಬಿಡಿ ಎಂದೆ. "ಕೈ ಹಿಡಿದು ಮಾತಾಡಿದ್ಮೇಲೆ ಮುಗೀತು ಅಂತ ನೀನೇ ಅಲ್ವಾ ಕಂಬ ತಗೊಳ್ಳೋವಾಗ ಹೇಳಿದ್ದು" ಎಂದ. ಹೇಳಿದ್ದೆ. ಬೇರೆ ಜಾಗದಲ್ಲಿ ಮಾಡೋಣವೆಂದರೆ ಅಜ್ಜಿ ಒಲ್ಲೆ ಎಂದರು. ಕಣ ಬಿಟ್ಟು ಬೇರೆ ಕಡೆ ಹಾಡುವುದಾದರೆ ನಮ್ಮನೆ ಜಗಲಿ ಇಲ್ಲವೇ ಎಂದರು. ಹೆಸರು ಬಿಟ್ಟು ಕಣದಲ್ಲಿ ಹಾಡಿ ಎಂದರೆ, ಹಾಗಾದರೆ ಅವ್ವ ಹಟ ಹಿಡಿದು ಕೂತಿದ್ದು ಯಾರ ಮೇಲೆ, ಗಾಳಿ ಮೇಲಾ ಎಂದರು. ನಾಲ್ಕು ದಿನ ಹೀಗೇ ಕಳೆಯಿತು.

ಶನಿವಾರ ಟಿಪ್ಪರುಗಳು ಆಚೆ ಹೋದವು. ಕಾರ್ಯಕ್ರಮ ಆಗುತ್ತದೋ ಇಲ್ಲವೋ, ಕಲ್ಲನ್ನಾದರೂ ನಡುವಿಗೆ ತಂದಿಡೋಣ ಎಂದು ನನ್ನ ಅಂಗಡಿಯ ನಾಲ್ಕು ಜನರನ್ನು ಕರೆದುಕೊಂಡು ಹೋದೆ. ಅಜ್ಜಿಯೂ ಬಂದರು. ಜಾಗ ನೋಡಿ ಹೋಗುತ್ತೇನೆ, ಅಷ್ಟೇ ಎಂದರು. ಅವರಿಗೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದೆವು.

ಉರುಳಿಸುವುದಕ್ಕೇ ಮಾಡಿದ ಕಲ್ಲು ತಾನೆ, ಉರುಳಿಸಿಕೊಂಡು ಬಂದರಾಯಿತು ಅಂದುಕೊಂಡೆ. ಹಾರೆ ಕೊಟ್ಟು ಎಬ್ಬಿಸಿದೆವು. ಹತ್ತು ಅಡಿ ಚೆನ್ನಾಗಿ ಬಂತು. ಆಮೇಲೆ ಎಡಕ್ಕೆ ತಿರುಗಿತು. ಸರಿಪಡಿಸಿ ನೂಕಿದೆವು, ಮತ್ತೆ ಎಡಕ್ಕೆ. ಮೂರನೇ ಸಲ ನಮ್ಮನ್ನೆಲ್ಲ ಬಿಟ್ಟು ತಾನೇ ಅರ್ಧ ಚಕ್ರ ಸುತ್ತಿ ಹೋಗಿ ವಾಚ್‌ಮನ್ನಿನ ತುಳಸಿ ಕುಂಡಕ್ಕೆ ಒರಗಿ ನಿಂತಿತು. ಇಂಥ ಕಲ್ಲು ಎಷ್ಟೋ ಮಾರಿದ್ದೇನೆ, ಎಲ್ಲವನ್ನೂ ಕ್ರೇನಿನಲ್ಲಿ ಎತ್ತಿ. ಒಂದನ್ನೂ ಉರುಳಿಸಿರಲಿಲ್ಲ.

ಅಜ್ಜಿ ನಾಲ್ಕು ದಿನದಲ್ಲಿ ಮೊದಲ ಸಲ ನಕ್ಕರು. "ಅದು ನೆಟ್ಟಗೆ ಓಗಲ್ಲ ಕಣಪ್ಪ. ಒಂದ್ ತುದಿ ದಪ್ಪ, ಒಂದ್ ತುದಿ ಸಣ್ಣ. ಕಣದಲ್ಲಿ ಸುತ್ಲಿ ಅಂತ್ಲೇ ಅಂಗೆ ಕಡ್ದಿರೋದು. ನೀನು ನಡೂಕೆ ತರ್ಬೇಕು ಅಂದ್ರೆ ಸುತ್ತಿಸ್ಕೊಂಡು ಬಾ. ಒಂದೊಂದ್ ಸುತ್ತೂ ಒಸಿ ಒಳಕ್ಕೆ ತಗೋ."

ಹಾಗೇ ಮಾಡಿದೆವು. ಆರು ಸುತ್ತಿಗೆ ಕಲ್ಲು ನಡುವಿಗೆ ಬಂದು ಕೂತಿತು.

ನಿರ್ದೇಶಕಿ ಗೇಟಿನ ಹತ್ತಿರ ನಿಂತು ಇದನ್ನೆಲ್ಲ ನೋಡುತ್ತಿದ್ದವರು ಓಡಿ ಬಂದು ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. "ಅಜ್ಜಿ, ಮದುವ್ಯಾಗ ನಮ್ಮ ಕಡೆ ಹೊಸ ಸೊಸಿನ್ನ ಬಾಗಿಲದಾಗ ಅಡ್ಡಗಟ್ಟಿ ಗಂಡನ ಹೆಸರ ಹೇಳು ಅಂತಾರ್ರಿ. ಆಕಿ ಸುಮ್ಮ ಹೇಳಂಗಿಲ್ಲ. ಸುತ್ತಿ ಬಳಸಿ ಒಡಪು ಹೇಳತಾಳ."

"ನಮ್ಮಲ್ಲೂ ಇತ್ತು ಕಣವ್ವ. ನಾನು ಅರ್ಧ ದಿನ ನಿಂತಿದ್ದೆ ಬಾಗ್ಲಲ್ಲಿ."

"ನಾಳೆ ನಮ್ಮ ಕಾಲೇಜಿನ ಹುಡುಗ್ಯಾರು ನಿಮ್ಮನ್ನ ಕಣದ ಬಾಯಾಗ ಅಡ್ಡಗಟ್ಟತಾರ. ಹೆಸರ ಹೇಳು, ಒಳಗ ಬಿಡತೀವಿ ಅಂತಾರ. ನೀವು ಹೇಳಬ್ಯಾಡ್ರಿ. ಸುತ್ತರಿ."

ಅಜ್ಜಿ ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು. "ಇವ್ನು ಕೊಟ್ಟಿರೋ ಮಾತೂ ಉಳೀತದೆ" ಎಂದರು. "ಆದ್ರೆ ಅವ್ವನ ಆಡು ಪೂರ್ತಿ ಆಗಲ್ಲ. ಆಗ್ಲಿ, ಬಾಗ್ಲವರ್ಗಾದ್ರೂ ಓಯ್ತೀನಿ."

ನಿಜ ಹೇಳಬೇಕೆಂದರೆ ನನಗೆ ಸಮಾಧಾನ ಆಗಲಿಲ್ಲ. ಹಾಡು ಬಾಗಿಲಲ್ಲೇ ನಿಲ್ಲುವುದು ನನ್ನ ಕೈಯಿಂದ ಆದದ್ದು.

ಭಾನುವಾರ ನಾಲ್ಕು ಗಂಟೆಗೆ ಊರೆಲ್ಲ ಬಂದಿತ್ತು. ಅಜ್ಜಿ ಮೈಕನ್ನು ಕೈಯಲ್ಲಿ ಹಿಡಿಯುವುದಿಲ್ಲ, ಸೆರಗಿಗೆ ಸಿಕ್ಕಿಸಿದರೆ ಪದೇ ಪದೇ ಕಿತ್ತು ನೋಡುತ್ತಾರೆ. ಕೊನೆಗೆ ಒಂದನ್ನು ಕಲ್ಲಿಗೇ ಕಟ್ಟಿದೆವು, ಇನ್ನೊಂದನ್ನು ಕಣದ ಬಾಯಲ್ಲಿ ಬಿದಿರಿಗೆ. ಬೋರ್‌ವೆಲ್ ಮೋಟಾರು ಗುಂಯ್ ಅನ್ನುತ್ತಿತ್ತು. ವಿಮಾನದ ಹೊತ್ತನ್ನು ನಿರ್ದೇಶಕಿ ನಾಲ್ಕೈದು ದಿನ ಕೂತು ಬರೆದುಕೊಂಡಿದ್ದರು. ಅವು ಒಂದೂ ಆ ಹೊತ್ತಿಗೆ ಬರಲಿಲ್ಲ, ತಮಗೆ ತೋಚಿದಾಗ ಬಂದವು. ಮೇಷ್ಟ್ರು ನಾನೂರು ಸಾಲಿನಲ್ಲಿ ನಲವತ್ತು ಓದಿ, ಜನ ಚಪ್ಪಾಳೆ ತಟ್ಟಿದ್ದನ್ನು ಮೆಚ್ಚುಗೆ ಎಂದು ತಿಳಿದು ಇನ್ನೂ ಇಪ್ಪತ್ತು ಓದಿದರು.

ಮುಂದಿನ ಸಾಲಿನಲ್ಲಿ ಮೊಮ್ಮಗ, ಅವನ ಪಕ್ಕ ಅವನ ತಾಯಿ. ಜಮೀನ್ದಾರರ ಸೊಸೆ. ಅವರಿಗೂ ಎಪ್ಪತ್ತೈದು ದಾಟಿದೆ. ಮನೆಯಿಂದಲೇ ಮರದ ಕುರ್ಚಿ ತರಿಸಿಕೊಂಡು ಕೂತಿದ್ದರು. ಅಜ್ಜಿ ಅವರ ಮನೆಯಲ್ಲಿ ಬಹಳ ವರ್ಷ ಅಕ್ಕಿ ಆರಿಸಿದವರು.

ಕಾಲೇಜಿನ ಆರು ಹುಡುಗಿಯರು ಕೈ ಕೈ ಹಿಡಿದು ಅಜ್ಜಿಯನ್ನು ಅಡ್ಡಗಟ್ಟಿದರು. "ಹೆಸ್ರು ಹೇಳು, ಒಳಗೆ ಬಿಡ್ತೀವಿ."

ಅಜ್ಜಿ ಹೊಸ ಮದುಮಗಳಂತೆ ಸೆರಗು ಎಳೆದುಕೊಂಡು ತಲೆ ತಗ್ಗಿಸಿದರು. ಜನ ಆಗಲೇ ನಗುತ್ತಿದ್ದರು.

"ಮೆದೆ ಮೇಲೆ ಗುಬ್ಬಿ ಕೂತ್ರೆ ಮೆದೆಗೇನು ಭಾರ,
ಬಾಣಂತಿ ಕೂತ್ರೆ ಮಾತ್ರ ಕಣಕ್ಕೆ ಗ್ರಾಚಾರ,
ಅಂಗಂದೋರು ಯಾರಂದ್ರೆ ನಂಗೆ ಎಸ್ರು ಬಾರ."

ಹುಡುಗಿಯರು ಬಿಡಲಿಲ್ಲ. ಅಜ್ಜಿ ಒಂದು ಸುತ್ತು ಹಾಕಿ ಇನ್ನೊಂದು ಕಡೆಯಿಂದ ಬಂದರು. ಮತ್ತೆ ಅಡ್ಡ, ಮತ್ತೊಂದು ಒಡಪು. ಒಡೆದ ಮಡಕೆಯ ಮೇಲೆ ಒಂದು, ಮೊಳೆತ ರಾಗಿಯ ಮೇಲೆ ಒಂದು. ಪ್ರತಿ ಸಲವೂ ಹೆಸರಿನ ತುದಿಗೆ ಬಂದು ನಾಲಿಗೆ ಕಚ್ಚಿಕೊಳ್ಳುವುದು. ಜನ ಹುಚ್ಚೆದ್ದು "ಹೇಳಜ್ಜಿ, ಹೇಳಜ್ಜಿ" ಅನ್ನುತ್ತಿದ್ದರು. ಎಲ್ಲರ ತಲೆಯ ಮೇಲೆ ಬೋರ್ಡಿನಲ್ಲಿ ಆ ಹೆಸರು ಜಗಜಗ ಹೊಳೆಯುತ್ತಿತ್ತು. ಮೊಮ್ಮಗನ ಕಿವಿ ಕೆಂಪಾಗಿತ್ತು. ಆದರೆ ಕರೆಂಟು ತೆಗೆಯಲು ಕಾರಣ ಸಿಗುತ್ತಿರಲಿಲ್ಲ.

ಐದನೇ ಸುತ್ತಿಗೆ ಅಜ್ಜಿಗೆ ಉಬ್ಬಸ ಬಂತು. ನಟನೆ ಅಲ್ಲ, ನಿಜವಾಗಿ. ಬಿದಿರು ಹಿಡಿದು ನಿಂತರು. ಆಗ ಮರದ ಕುರ್ಚಿ ಕಿರುಗುಟ್ಟಿತು.

"ಯಾಕ್ ಅವಳಿಗೆ ಕಾಟ ಕೊಡ್ತೀರಿ" ಎಂದು ಎದ್ದು ನಿಂತರು ಸೊಸೆ. "ಅವಳ ಕಡೆಯೋರು ಮಾತು ಕೊಟ್ಟವ್ರೆ. ನಾನು ಯಾರಿಗೂ ಕೊಟ್ಟಿಲ್ಲ."

"ಅಮ್ಮಾ, ಕೂತ್ಕೋ" ಎಂದ ಮಗ.

"ಕೂತವರ ಕಥೆ ಕೇಳೋಕೆ ಕರ್ಕೊಂಡು ಬಂದು ನನ್ನ ಕೂತ್ಕೋ ಅಂತೀಯ." ಬಿದಿರಿನ ಹತ್ತಿರ ಬಂದರು. ಮದುವೆಯಾಗಿ ಆ ಮನೆಗೆ ಬಂದಂದಿನಿಂದ ಅವರು ಮಾವನ ಹೆಸರನ್ನು ಬಾಯಲ್ಲಿ ಆಡಿದವರಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಮಗನನ್ನು ಮುಂದೆ ಮಾಡುತ್ತಿದ್ದರು. ಕಣ್ಣು ಮುಚ್ಚಿ, ಮದುವೆಯಲ್ಲಿ ಹೇಳುವ ರಾಗದಲ್ಲೇ ಹೇಳಿದರು:

"ಒಕ್ಕದ ರಾಗಿ ಮೊಳೆತು ಹಸುರಾಯ್ತು ಕಣ,
ಎದ್ದೇಳ್ಲಿಲ್ಲ ಹಿಡಿದ ಹಟಕ್ಕೆ ಹನ್ನೊಂದು ಜನ,
ಸೋತು ಮನೆಗೆ ಬಂದು ರಾತ್ರಿ ಉಣ್ಣಲಿಲ್ಲ ಅಂದ್ರು ನಮ್ಮತ್ತೆ,
ಸೋತೋರು ನಮ್ಮ ಮಾವ —"

ಹೆಸರು ಹೇಳಿದರು. ಪೂರ್ತಿ, ಮೈಕಿನಲ್ಲಿ.

ಹುಡುಗಿಯರು ಕೈ ಬಿಟ್ಟರು. ಸೊಸೆಯೇ ಅಜ್ಜಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕಲ್ಲಿನ ಮೇಲೆ ಕೂರಿಸಿದರು. "ಈಗ ನಿಮ್ಮವ್ವನ ಹಾಡು ಹೇಳು. ಏನೂ ಬಿಡ್ಬೇಡ."

ಮೊಮ್ಮಗ ನೇರ ನನ್ನ ಹತ್ತಿರ ಬಂದ. "ಏನ್ ಗುರು ಇದು. ಕೈ ಹಿಡಿದು ಹೇಳಿದ್ದೆ."

"ನಮ್ ಕಡೆಯೋರು ಯಾರ್ ಹೇಳಿದ್ರು ಹೇಳಿ ಸಾರ್. ನಿಮ್ ಕಡೆಯೋರಿಗೆ ನಾನು ಹೆಂಗೆ ಜವಾಬ್ದಾರಿ ತಗೊಳ್ಳಿ."

"ಈಗ ಅಜ್ಜಿ ಹೇಳುತ್ತಲ್ಲ."

"ನಿಮ್ಮಮ್ಮ ಹೇಳು ಅಂದವ್ರೆ. ಹೋಗಿ ಬೇಡ ಅನ್ನಿ."

ಅವನು ತಾಯಿಯ ಕಡೆ ನೋಡಿದ. ಅವರು ಕಲ್ಲಿನ ಪಕ್ಕ, ನೆಲದ ಮೇಲೆ, ಅಜ್ಜಿಯ ಕಾಲ ಹತ್ತಿರ ಕೂತಿದ್ದರು. ಅವನು ಬೋರ್‌ವೆಲ್ ಶೆಡ್ಡಿಗೆ ಹೋದ. ಕರೆಂಟು ತೆಗೆದ ಎಂದು ನಾನು, ಇರಲಿ ಅಂತ ತಂದಿಟ್ಟಿದ್ದ ಜನರೇಟರಿನ ಕಡೆ ಓಡಿದೆ. ಸ್ಪೀಕರಿನ ಗುಂಯ್ ನಿಂತಿತು, ಮೈಕು ಮಾತ್ರ ಹಾಗೇ ಇತ್ತು. ಅವನು ಆರಿಸಿದ್ದು ಮೋಟಾರು.

ಅಜ್ಜಿ ಕಲ್ಲಿಗೆ ಬಳೆ ತಟ್ಟುತ್ತ ಹಾಡಿದರು. ಹನ್ನೊಂದು ಹೆಸರು ಹೇಳಿದರು, ಏಳು ಸಲ ಜಮೀನ್ದಾರರ ಹೆಸರು ಹೇಳಿದರು. ಆರನೇ ಸಲಕ್ಕೆ ಸರಿಯಾಗಿ ತಲೆಯ ಮೇಲೆ ವಿಮಾನ ಬಂತು. ಅಜ್ಜಿ ಹಾಡು ನಿಲ್ಲಿಸಿ, ಅದು ದೇವನಹಳ್ಳಿ ಕಡೆ ಕಣ್ಮರೆಯಾಗುವವರೆಗೆ ಕತ್ತೆತ್ತಿ ಕಾದು, ಆಮೇಲೆ ಹೇಳಿದರು.

ಈಗ ಅಲ್ಲಿ ಪಾಯ ಹೊಡೆದಾಗಿದೆ. ಇದನ್ನು ಬರೆಯುತ್ತಿದ್ದೇನೆ ಎಂದು ತಿಳಿದು ಅಜ್ಜಿ ಮೊನ್ನೆ ಅಂಗಡಿಗೆ ಬಂದು, ಮಾರಾಟಕ್ಕಿಟ್ಟಿದ್ದ ಜಗಲಿಕಟ್ಟೆಯ ಹಲಗೆಯ ಮೇಲೆ ಕೂತರು.

"ಅವರ್ ಎಸ್ರು ಆಕಿದ್ದೀಯಾ?"

"ಇಲ್ಲಜ್ಜಿ. ನೀವು ಮಾತು ಕೊಟ್ಟಿರ್ಲಿಲ್ಲ, ನಾನು ಕೊಟ್ಟಿದ್ದೆ. ನನ್ನ ಕೈಯಿಂದ ಬರಲ್ಲ."

"ಒಳ್ಳೇದು. ನಮ್ಮವ್ರ ಎಸ್ರು?"

"ಯಾರದ್ದೂ ಹಾಕಿಲ್ಲಜ್ಜಿ. ಎಲ್ಲಾ ಒಂದೇ ಊರೋರು ಅಂತ."

"ನಮ್ಮವ್ರದ್ದು ಬರೆಯಲ್ಲ ಅಂತ ಅದ್ಯಾರ್ಗೆ ಮಾತು ಕೊಟ್ಟಿದ್ದೆ?"

ಬರೆದದ್ದನ್ನು ಮತ್ತೆ ಎತ್ತಿಕೊಂಡೆ. ಆ ಒಂದು ಹೆಸರು ಬೇಕಿದ್ದವರು ಕೋಗಿಲಿನ ಕಡೆ ಬಂದರೆ ಸಾಕು, ಬೋರ್ಡು ಅರ್ಧ ಕಿಲೋಮೀಟರಿಗೇ ಕಾಣುತ್ತದೆ. ಬೋರ್ಡಿಲ್ಲದ ಹೆಸರುಗಳನ್ನು ಹಾಡಿನಲ್ಲಿ ಬರುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ: ಅಕ್ಕಯ್ಯಮ್ಮ, ಗುರುವಮ್ಮ, ಪಿಳ್ಳಪ್ಪ, ದೊಡ್ಡಮುನಿಯಪ್ಪ, ಹನುಮಕ್ಕ, ಕದಿರಪ್ಪ, ಚಿಕ್ಕತಾಯಮ್ಮ, ತಿಮ್ಮಯ್ಯ, ಮಾರಕ್ಕ, ನರಸಪ್ಪ, ವೆಂಕಟಮ್ಮ.

ಹಾಡಿನಲ್ಲಿ ಹನ್ನೆರಡನೆಯವರಿಗೆ ಹೆಸರಿಲ್ಲ, 'ಮಡಿಲ ಕೂಸು' ಎಂದಷ್ಟೇ ಇದೆ. ಕೂಸಿನ ಹೆಸರು ಪುಟ್ಟಮುನಿಯಮ್ಮ.